ಬೇಸಿಗೆ ಸಂಶೋಧನೆಗೆ ದೀಪಾವಳಿಯಲ್ಲೇ ಅರ್ಜಿ

ಅರ್ಜಿಯ ಕೊನೆಯ ದಿನ ರಾತ್ರಿ ಒಂಬತ್ತಕ್ಕೆ ವಿದ್ಯಾರ್ಥಿಯಿಂದ ಫೋನ್: ‘ಸರ್, ನಿಮ್ಮ ಮೇಲ್‌ಗೆ ಶಿಫಾರಸು ಪತ್ರದ ಲಿಂಕ್ ಬಂದಿದೆಯಾ?’ ಬಂದಿತ್ತು, ನಾಲ್ಕು ದಿನದ ಹಿಂದೆಯೇ, ಸ್ಪ್ಯಾಮ್‌ನಲ್ಲಿ. ಪದವಿ ಕಾಲೇಜಿನ ಮೇಷ್ಟ್ರಾಗಿ ಈ ಪರದಾಟವನ್ನು ಹಲವು ಸಲ ಕಂಡಿದ್ದೇನೆ.

ವಿಷಯ, ವಿಜ್ಞಾನ ಅಕಾಡೆಮಿಗಳ ಬೇಸಿಗೆ ಸಂಶೋಧನಾ ಫೆಲೋಶಿಪ್. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿ ಮತ್ತು ಪ್ರಯಾಗ್‌ರಾಜ್‌ನ ಅಕಾಡೆಮಿಗಳ ಜೊತೆ ಸೇರಿ ನಡೆಸುವ ಯೋಜನೆ ಇದು. ಆಯ್ಕೆಯಾದರೆ ಎರಡು ತಿಂಗಳು ವಿಜ್ಞಾನಿಯೊಬ್ಬರ ಪ್ರಯೋಗಾಲಯದಲ್ಲಿ ಕೆಲಸ. ಸ್ಟೈಪೆಂಡ್ ಉಂಟು, ರೈಲು ಖರ್ಚೂ ಸಿಗುತ್ತದೆ. ಗಣಿತ, ಎಂಜಿನಿಯರಿಂಗ್ ಓದುವವರಿಗೂ ಜಾಗವಿದೆ.

ಮೊದಲ ಕೆಲಸ: ದಸರಾ ಕಳೆಯುತ್ತಿದ್ದಂತೆ ಅಕಾಡೆಮಿಯ ವೆಬ್‌ಸೈಟ್ ನೋಡುತ್ತಿರಿ. ಎಷ್ಟು ಅಂಕ ಬೇಕು, ಯಾವ ವರ್ಷದವರು ಹಾಕಬಹುದು ಎಂಬುದೆಲ್ಲ ಆ ವರ್ಷದ ಪ್ರಕಟಣೆಯಲ್ಲೇ ಇರುತ್ತದೆ. ಸೀನಿಯರ್‌ಗಳ ಮಾತು ನಂಬಿ ಕೂರಬೇಡಿ. ಅಂಕಪಟ್ಟಿಗಳನ್ನು ಆಗಲೇ ಸ್ಕ್ಯಾನ್ ಮಾಡಿಡಿ.

ಎರಡನೆಯದು, ಅರ್ಜಿಯಲ್ಲಿ ಆರಿಸಬೇಕಾದ ಮಾರ್ಗದರ್ಶಕರ ಪಟ್ಟಿ. ದೊಡ್ಡ ಸಂಸ್ಥೆಯ ಹೆಸರು ಕಂಡ ಕೂಡಲೇ ಟಿಕ್ ಮಾಡುವವರೇ ಹೆಚ್ಚು. ಅದರ ಬದಲು ನಾಲ್ಕೈದು ಮಂದಿಯ ಪುಟ ತೆರೆದು, ಅವರು ಈಚೆಗೆ ಏನು ಮಾಡುತ್ತಿದ್ದಾರೆ ಎಂದು ಓದಿ. ಅರ್ಧ ಅರ್ಥವಾದರೂ ಸಾಕು. ಏನೂ ಅರ್ಥವಾಗದಿದ್ದರೆ ಆ ಹೆಸರು ಬಿಡಿ.

ಮೂರನೆಯದೇ ಕಷ್ಟದ್ದು. ಫೆಲೋಶಿಪ್ ನಿಮಗೇಕೆ ಬೇಕು ಎಂದು ಬರೆಯಬೇಕು, ಅದೂ ಕೆಲವೇ ಸಾಲುಗಳಲ್ಲಿ. ನನ್ನ ಬಳಿ ಬರುವ ಕರಡುಗಳಲ್ಲಿ ಮುಕ್ಕಾಲು ಪಾಲು ‘ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ’ ಎಂದೇ ಶುರುವಾಗುತ್ತವೆ. ಮದುವೆ ಕರೆಯೋಲೆ ಥರ, ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುತ್ತದೆ. ಒಬ್ಬ ಹುಡುಗಿ ಹೀಗೆ ಬರೆದಿದ್ದಳು: ‘ನೀರಿನ ಗಡಸುತನ ಅಳೆಯುವ ಪ್ರಾಕ್ಟಿಕಲ್‌ನಲ್ಲಿ ಕೆರೆ ನೀರಿಗೆ 5 ಎಂಎಲ್ ಇಡಿಟಿಎ ಎಂಬ ರಾಸಾಯನಿಕದ ದ್ರಾವಣ ಸಾಕಾಯಿತು. ನಮ್ಮ ಮನೆ ಬೋರ್‌ವೆಲ್ ನೀರು ಕೆಂಪಿನಿಂದ ನೀಲಿಗೆ ತಿರುಗಲು 14 ಎಂಎಲ್ ತೆಗೆದುಕೊಂಡಿತು. ಎರಡರ ನಡುವೆ ಇರುವುದು ಒಂದು ರಸ್ತೆ ಮಾತ್ರ.’ ನಾನು ತಿದ್ದಿದ್ದು ಒಂದು ಅಲ್ಪವಿರಾಮ. ನಿಮ್ಮ ರೆಕಾರ್ಡ್ ಪುಸ್ತಕ ತಿರುವಿ ಹಾಕಿ, ಇಂಥದ್ದೊಂದು ಅಲ್ಲೂ ಸಿಕ್ಕೀತು. ಚಾಟ್‌ಬಾಟ್‌ಗೆ ಆ ಬೋರ್‌ವೆಲ್ ಗೊತ್ತಿಲ್ಲ.

ನಂತರ ಶಿಫಾರಸು ಪತ್ರ. ನಿಮ್ಮನ್ನು ಲ್ಯಾಬಿನಲ್ಲಿ ಕಂಡ ಮೇಷ್ಟ್ರನ್ನೇ ಕೇಳಿ. ಪ್ರಿನ್ಸಿಪಾಲರ ಸಹಿಗೆ ತೂಕ ಹೆಚ್ಚು ಎನ್ನುವುದು ಭ್ರಮೆ, ಅವರಿಗೆ ನಿಮ್ಮ ಮುಖವೇ ನೆನಪಿರುವುದಿಲ್ಲ. ಎರಡು ವಾರ ಮೊದಲೇ ಹೋಗಿ, ನಿಮ್ಮ ಬರಹದ ಪ್ರತಿ ಕೊಡಿ, ಅವರು ದಿನವೂ ನೋಡುವ ಇ-ಮೇಲ್ ವಿಳಾಸವನ್ನೇ ಪಡೆಯಿರಿ. ಲಿಂಕ್ ಹೋದ ದಿನವೇ ‘ಸ್ಪ್ಯಾಮ್ ನೋಡಿ ಸರ್’ ಎಂದು ನೆನಪಿಸಿ. ಬೇಸರಪಡುವುದಿಲ್ಲ, ಮರೆವು ನಮ್ಮದೇ.

ಅರ್ಜಿ ಹೋದ ಮೇಲೆ ಕಾಯುವುದಷ್ಟೇ. ಈ ನಡುವೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಬೇಸಿಗೆ ಫೆಲೋಶಿಪ್‌ಗೂ ಅದೇ ಬರಹವನ್ನು ಸ್ವಲ್ಪ ಬದಲಿಸಿ ಹಾಕಬಹುದು.

ಆಯ್ಕೆಯ ಸುದ್ದಿ ಬಂತೆಂದರೆ ಮೊದಲು ಸೆಮಿಸ್ಟರ್ ಪರೀಕ್ಷೆಯ ವೇಳಾಪಟ್ಟಿ ನೋಡಿ. ನಮ್ಮ ವಿಶ್ವವಿದ್ಯಾಲಯಗಳ ಪರೀಕ್ಷೆ ಜೂನ್, ಜುಲೈಗೆ ಜಾರುವುದು ಹೊಸದೇನಲ್ಲ. ಡಿಕ್ಕಿಯಾಗುವಂತಿದ್ದರೆ ಮಾರ್ಗದರ್ಶಕರಿಗೆ ಆಗಲೇ ಬರೆದು, ಯಾವ ದಿನದಿಂದ ಬರಬಹುದು ಎಂದು ಕೇಳಿ. ಮತ್ತೆ, ರೈಲಿನ ಟಿಕೆಟ್ ಎಸೆಯಬೇಡಿ. ಹಣ ವಾಪಸ್ ಪಡೆಯುವಾಗ ಕೇಳುತ್ತಾರೆ.