ಮಳೆಯಲ್ಲಿ ಸೈಕಲ್ ರಿಲೇ ಹೊರಡುವವರಿಗೆ

ಮಂಗಳೂರಿಂದ ಕಾರವಾರಕ್ಕೆ ರಿಲೇ ಹೊರಡುವವರು ಸುಮ್ನೆ ಕಿಲೋಮೀಟರ್ ಲೆಕ್ಕದಲ್ಲಿ ಪಾಳಿ ಹಂಚಬೇಡಿ. ಗಾಳಿ ನೋಡಿ ಹಂಚಿ. ಮಳೆಗಾಲದ ಗಾಳಿ ಕಡಲಿನಿಂದ, ಅಂದರೆ ನಿಮ್ಮ ಎಡಗಡೆಯಿಂದ ಬೀಸುತ್ತದೆ. ಸೈಕಲನ್ನು ಬಲಕ್ಕೆ, ಲಾರಿಗಳ ಕಡೆಗೇ ತಳ್ಳುತ್ತದೆ. ಮರವಂತೆಯಲ್ಲಂತೂ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ. ಗಾಳಿಗೆ ಅಡ್ಡ ಏನೂ ಇಲ್ಲ. ಹೆಮ್ಮಾಡಿಯಲ್ಲೇ ಪಾಳಿ ಬದಲಿಸಿ, ಆ ತುಂಡನ್ನು ತಂಡದ ಗಟ್ಟಿಗರಿಗೆ ಕೊಡಿ.

ಸೇತುವೆಗಳ ಮೇಲೂ ಇದೇ ಕತೆ. ಅಲ್ಲಿನ ಕಬ್ಬಿಣದ ಜೋಡಣೆಯನ್ನು ನೇರವಾಗಿ ದಾಟಿ. ಓರೆಯಾಗಿ ಹೋದರೆ ಚಕ್ರ ಜಾರುತ್ತದೆ. ರಸ್ತೆಯ ಬಿಳಿ ಪಟ್ಟಿಯೂ ಒದ್ದೆಯಾದರೆ ಹಾಗೆಯೇ.

ರಿಮ್ ಬ್ರೇಕ್ (ಚಕ್ರದ ಅಂಚನ್ನೇ ಹಿಡಿಯುವ ಬ್ರೇಕ್) ಇದ್ದವರು ಇಳಿಜಾರಿಗೆ ಮೊದಲೇ ಮೆಲ್ಲಗೆ ಒತ್ತಿ, ರಿಮ್ಮಿನ ನೀರು ಹೋಗಲಿ. ಹಿಂದಿನ ಕೆಂಪು ಲೈಟ್ ಹಗಲಲ್ಲೂ ಉರಿಯುತ್ತಿರಬೇಕು. ಗುಡುಗು ಶುರುವಾದರೆ ಪಾಳಿ ಗೀಳಿ ಬಿಟ್ಟು ಜೊತೆಗೆ ಬರುವ ವ್ಯಾನಿನೊಳಗೆ ಕೂರಿ.

ಸೈಕಲಿನಿಂದ ಇಳಿದವರು ಮೊದಲು ಒದ್ದೆ ಬನಿಯನ್ ಬದಲಿಸಲಿ, ಚಾ ಆಮೇಲೆ. ಇಳಿದಾಗ ಮೈ ಬೆಚ್ಚಗಿರುತ್ತದೆ, ಸ್ವಲ್ಪ ಹೊತ್ತಿಗೇ ನಡುಕ ಹಿಡಿಯುತ್ತದೆ ಅಲ್ವಾ? ವ್ಯಾನಿನಲ್ಲಿ ಹಳೇ ಪೇಪರ್ ಜಾಸ್ತಿಯೇ ಇರಲಿ. ಶೂ ಒಳಗೆ ತುರುಕಿಟ್ಟರೆ ಮುಂದಿನ ಪಾಳಿಗೆ ಅರ್ಧವಾದರೂ ಒಣಗುತ್ತದೆ.