ಹೊಟ್ಟೆಯ ಬಯಾಪ್ಸಿ ರಿಪೋರ್ಟ್ ಬಂತಾ? ಮೊದಲು ಯಾವ ಪದರ ಅಂತ ನೋಡಿ

ಮದ್ದೂರು ಕಡೆಯ ಹಿರಿಯರೊಬ್ಬರು ಹೋದ ತಿಂಗಳು ನಮ್ಮ ಲ್ಯಾಬಿಗೆ ವಾಪಸ್ ಬಂದಿದ್ದರು. ಬೆಳಗ್ಗೆಯೇ ರಿಪೋರ್ಟ್ ತಗೊಂಡು ಹೋಗಿದ್ದವರು. ಬಸ್ ಸ್ಟ್ಯಾಂಡಿನಲ್ಲಿ ಯಾರ ಕೈಯಲ್ಲೋ ಓದಿಸಿದ್ದಾರೆ, ಅವರು 'ಕ್ರಾನಿಕ್' ಅಂದ್ರೆ ದೊಡ್ಡ ಕಾಯಿಲೆ ಅಂತ ಹೇಳಿ ಕಳಿಸಿದ್ದಾರೆ. ಕೌಂಟರಿನ ಮೇಲೆ ಹಾಳೆ ಇಟ್ಟು, "ಇದು ಕ್ಯಾನ್ಸರೇನಪ್ಪ? ಇರೋದ್ ಹೇಳ್ಬುಡು" ಅಂದರು. ಹಾಳೆ ಹಿಡಿದ ಕೈ ನಡುಗುತ್ತಿತ್ತು. "ಕೂತ್ಕೊಳಿ ಯಜಮಾನ್ರೇ" ಅಂತ ಕೂರಿಸಿ ನೀರು ಕೊಟ್ಟು, ನಮ್ಮ ಪೆಥಾಲಜಿ ಡಾಕ್ಟರನ್ನು ಕರೆದೆ. ಅವರು ಎರಡೇ ಮಾತಲ್ಲಿ ಬಿಡಿಸಿ ಹೇಳಿದರು: ಕ್ರಾನಿಕ್ ಅಂದ್ರೆ ಬಹಳ ದಿನದಿಂದ ಇರೋದು, ಗ್ಯಾಸ್ಟ್ರೈಟಿಸ್ ಅಂದ್ರೆ ಜಠರದ ಒಳಪದರದ ಉರಿಯೂತ.

ನಾನು ಮೈಸೂರಿನಲ್ಲಿ ಬಯಾಪ್ಸಿಯ, ಅಂದ್ರೆ ಪರೀಕ್ಷೆಗೆ ಅಂತ ದೇಹದಿಂದ ತೆಗೆದ ಸಣ್ಣ ಚೂರಿನ, ಸ್ಲೈಡ್ ತಯಾರು ಮಾಡುವ ಟೆಕ್ನಿಶಿಯನ್. ರೋಗ ಇದೆಯೋ ಇಲ್ಲವೋ ಹೇಳುವುದು ಡಾಕ್ಟರ ಕೆಲಸ, ಅದನ್ನು ಇಲ್ಲಿ ಮಾಡುವುದಿಲ್ಲ. ಆದರೆ ರಿಪೋರ್ಟ್ ಹಿಡಿದು ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನೋದು ಗೊತ್ತಿದ್ದರೆ ಅರ್ಧ ಭಯ ಹೋಗುತ್ತದೆ. ಕೇಳಬೇಕಾದ್ದು ಮುಖ್ಯವಾಗಿ ಒಂದೇ: ಇದು ಯಾವ ಪದರದವರೆಗೆ ಹೋಗಿದೆ?

ಪದರ ಅಂದ್ರೇನು ಅಂತ ತಿಳಿಯಲು ಅಡುಗೆಮನೆಯೇ ಸಾಕು. ನಮ್ಮ ಕಡೆ ಬೋಟಿ ಗೊಜ್ಜು ಮಾಡದ ಊರಿಲ್ಲ. ನಮ್ಮ ದೊಡ್ಡಮ್ಮ ಕುರಿಯ ಕರುಳನ್ನು ಕಡ್ಡಿ ಹಾಕಿ ಒಳಮಗ್ಗುಲು ಹೊರಕ್ಕೆ ತಿರುಗಿಸಿ, ಬಿಸಿನೀರಲ್ಲಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದರು. ಆಗ ಕೈಗೆ ಬರುವ ಮೆತ್ತನೆಯ ಲೋಳೆ ಪದರ ಇದೆಯಲ್ಲ, ಅದೇ ಮ್ಯೂಕೋಸಾ. ಅದನ್ನು ಕೆರೆದ ಮೇಲೆ ಬಿಳಿಯಾಗಿ, ಎಳೆದರೂ ಹರಿಯದ ಗಟ್ಟಿ ಪೊರೆ ಸಿಗುತ್ತದೆ. ಅದು ಸಬ್‌ಮ್ಯೂಕೋಸಾ. ಸಾಸೇಜ್‌ಗೆ ಹಾಕುವ ಕುರಿ ಕರುಳಿನ ಕವಚದಲ್ಲಿ ಕೊನೆಗೆ ಉಳಿಯುವುದು ಈ ಪದರವೇ, ಅಷ್ಟು ಗಟ್ಟಿ. ಅದರ ಆಚೆಗೆ ಮಾಂಸದ ಪದರ, ರಿಪೋರ್ಟಿನಲ್ಲಿ ಮಸ್ಕ್ಯುಲಾರಿಸ್ ಪ್ರೊಪ್ರಿಯಾ ಅಂತ ಬರೆದಿರುತ್ತದೆ. ಎಲ್ಲಕ್ಕಿಂತ ಹೊರಗೆ ತೆಳ್ಳಗೆ ಹೊಳೆಯುವ ಪೊರೆ, ಸಿರೋಸಾ. ನಮ್ಮ ಹೊಟ್ಟೆಯೊಳಗೂ ಇದೇ ನಾಲ್ಕು ಪದರ, ಇದೇ ಕ್ರಮ. ಅನ್ನನಾಳದಲ್ಲಿ ಮಾತ್ರ ಹೆಚ್ಚಿನ ಭಾಗಕ್ಕೆ ಸಿರೋಸಾ ಇಲ್ಲ, ಅದಕ್ಕೇ ಅಲ್ಲಿನ ಗೆಡ್ಡೆ ಅಕ್ಕಪಕ್ಕಕ್ಕೆ ಹರಡುವುದನ್ನು ತಡೆಯಲು ಹೊರಗೊಂದು ಪೊರೆಯೂ ಇರುವುದಿಲ್ಲ.

ಈಗ ರಿಪೋರ್ಟ್ ತೆಗೆಯಿರಿ. ಹೆಚ್ಚಿನವರ ವಿಷಯ ಮ್ಯೂಕೋಸಾದಲ್ಲೇ ಮುಗಿಯುತ್ತದೆ. ಈ ಪದರದ ಮೇಲ್ಮೈ ಜೀವಕೋಶಗಳು ಕೆಲವೇ ದಿನಕ್ಕೆ ಉದುರಿ ಹೊಸದು ಹುಟ್ಟುತ್ತಲೇ ಇರುತ್ತವೆ, ಹಾಗಾಗಿ ಕಾರಣ ತೆಗೆದರೆ ವಾಸಿಯಾಗುವುದೂ ಬೇಗ. ಜಠರದಲ್ಲಿ ಆ ಕಾರಣ ಬಹಳ ಸಲ ಎಚ್. ಪೈಲೊರಿ ಅನ್ನೋ ಬ್ಯಾಕ್ಟೀರಿಯಾ. ಅಲ್ಸರ್ ಬರುವುದು ಖಾರದಿಂದ, ಚಿಂತೆಯಿಂದ ಅಂತ ಡಾಕ್ಟರುಗಳೂ ನಂಬಿದ್ದ ಕಾಲ ಇತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಈ ಬ್ಯಾಕ್ಟೀರಿಯಾವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ ಅದನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು! 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಿಮ್ಮ ರಿಪೋರ್ಟಿನಲ್ಲಿ ಎಚ್. ಪೈಲೊರಿ ಪಾಸಿಟಿವ್ ಅಂತಿದ್ದರೆ ಆಂಟಿಬಯಾಟಿಕ್ ಕೋರ್ಸ್ ಪೂರ್ತಿ ಮುಗಿಸಿ, ಉರಿ ನಿಂತಿತು ಅಂತ ಮಧ್ಯದಲ್ಲಿ ಬಿಡಬೇಡಿ. ಇನ್ನೊಂದು ಮಾತು, ಟೆಸ್ಟಿಗೆ ಹೋಗುವ ಮುಂಚೆ ಗ್ಯಾಸ್ ಮಾತ್ರೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಲೇಬೇಕು, ಏಕೆಂದರೆ ಆ ಮಾತ್ರೆಯಿಂದ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು.

ಎರಡನೇ ಕಾರಣ ನೋವಿನ ಮಾತ್ರೆ. ಗದ್ದೆ ಕೆಲಸ ಮಾಡಿ ಮಂಡಿ ನೋವು ಅಂತ ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ನುಂಗುತ್ತಾರಲ್ಲ, ಅದು ಒಳಪದರದ ರಕ್ಷಣೆಯನ್ನೇ ಕುಗ್ಗಿಸುತ್ತದೆ.

ಇಲ್ಲಿ ಎರಡು ಪದ ಗೊಂದಲ ಮಾಡುತ್ತವೆ, ಎರೋಷನ್ ಮತ್ತು ಅಲ್ಸರ್. ಗೋಡೆಯ ಸುಣ್ಣ ಮಾತ್ರ ಉದುರಿದ ಹಾಗೆ ಎರೋಷನ್. ಗಾರೆ ಎದ್ದು ಇಟ್ಟಿಗೆ ಕಾಣುವ ಹಾಗೆ ಅಲ್ಸರ್. ಮ್ಯೂಕೋಸಾದ ತಳದಲ್ಲಿ ಒಂದು ಸಣ್ಣ ಸ್ನಾಯುವಿನ ಗೆರೆ ಇರುತ್ತದೆ, ಗಾಯ ಆ ಗೆರೆ ದಾಟಿದರೆ ಅಲ್ಸರ್. ದಾಟಿದ ಮೇಲೆ ಸಿಗುವುದು ಸಬ್‌ಮ್ಯೂಕೋಸಾ, ಅಲ್ಲಿ ದೊಡ್ಡ ರಕ್ತನಾಳಗಳಿವೆ, ಅವು ಒಡೆದು ರಕ್ತ ಸೋರಿದರೆ ಮಲ ಕಪ್ಪಗಾಗುತ್ತದೆ. ಅಲ್ಸರ್ ಇರುವವರಿಗೆ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಮಲ ಹೋದರೆ ಆವತ್ತೇ ಆಸ್ಪತ್ರೆಗೆ ಹೋಗಿ ಅನ್ನುವುದು ಇದಕ್ಕೇ. (ಕಬ್ಬಿಣಾಂಶದ ಮಾತ್ರೆ ತಗೊಂಡರೂ ಕಪ್ಪಗಾಗುತ್ತದೆ, ಅದನ್ನೂ ಡಾಕ್ಟರಿಗೆ ಹೇಳಿ.) ಗಾಯ ನಾಲ್ಕೂ ಪದರ ಕೊರೆದರೆ ತೂತು ಬೀಳುತ್ತದೆ, ತಡೆಯಲಾಗದ ನೋವು ಬಂದು ಹೊಟ್ಟೆ ಹಲಗೆಯಂತೆ ಬಿಗಿಯುತ್ತದೆ. ಆಗ ಸೋಡಾ, ಜೀರಿಗೆ ನೀರು ಅಂತ ಒಂದು ನಿಮಿಷವೂ ಕಳೆಯಬೇಡಿ.

ಸಣ್ಣ ಕರುಳಿನ ರಿಪೋರ್ಟಿನಲ್ಲಿ 'ವಿಲ್ಲಸ್' ಅನ್ನೋ ಪದ ಹುಡುಕಿ. ಟವೆಲ್ಲಿನ ಎಳೆಗಳ ಹಾಗೆ ನಿಂತಿರುವ ಸಣ್ಣ ಬೆರಳುಗಳು ಅವು, ಊಟದ ಸಾರ ಹೀರುವುದೇ ಅವುಗಳ ಕೆಲಸ. ಸೀಲಿಯಾಕ್ ಕಾಯಿಲೆಯಲ್ಲಿ ಅವು ಸವೆದು ಚಪ್ಪಟೆಯಾಗುತ್ತವೆ. ಕಾರಣ ಗೋಧಿಯಲ್ಲಿರುವ ಗ್ಲುಟನ್. ಅಂಥವರಿಗೆ ಚಪಾತಿ, ರವೆ ಉಪ್ಪಿಟ್ಟು ಬಂದ್, ಆದರೆ ರಾಗಿಯಲ್ಲಿ ಗ್ಲುಟನ್ ಇಲ್ಲ, ಗೋಧಿ ಬೆರೆಯದ ಹಿಟ್ಟಾದರೆ ಮುದ್ದೆ ಆರಾಮಾಗಿ ಉಣ್ಣಬಹುದು.

ದೊಡ್ಡ ಕರುಳಿಗೆ ಬಂದರೆ ಪದರದ ಪ್ರಶ್ನೆ ಇನ್ನೂ ಜಾಸ್ತಿ ಮುಖ್ಯ. ಅಲ್ಸರೇಟಿವ್ ಕೊಲೈಟಿಸ್ ಅನ್ನೋ ದೊಡ್ಡ ಕರುಳಿನ ಉರಿಯೂತ ಸಾಮಾನ್ಯವಾಗಿ ಒಳಪದರದಲ್ಲೇ ಇದ್ದು, ಗುದದ ಕಡೆಯಿಂದ ಎಡೆಬಿಡದೆ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಕಾಯಿಲೆಯೂ ಉರಿಯೂತವೇ, ಆದರೆ ಗೋಡೆಯ ಪೂರ್ತಿ ದಪ್ಪ ಹಿಡಿಯುತ್ತದೆ, ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಕರುಳಿನ ಟಿಬಿ ಕೂಡ ಹೆಚ್ಚುಕಮ್ಮಿ ಕ್ರೋನ್ಸ್ ತರಾನೇ ಕಾಣುತ್ತದೆ, ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಎರಡೂ ಬರುತ್ತವೆ. ಔಷಧಿ ಮಾತ್ರ ಒಂದಕ್ಕೊಂದು ಉಲ್ಟಾ. ಕ್ರೋನ್ಸ್‌ಗೆ ಕೊಡುವ ಸ್ಟೀರಾಯ್ಡ್ ಟಿಬಿ ಇದ್ದವರಲ್ಲಿ ಅದನ್ನು ಕೆರಳಿಸುತ್ತದೆ. ನಮ್ಮ ದೇಶದಲ್ಲಿ ಟಿಬಿ ಇನ್ನೂ ಇರುವುದರಿಂದ, ರಿಪೋರ್ಟಿನಲ್ಲಿ 'ಗ್ರ್ಯಾನುಲೋಮಾ' (ಉರಿಯೂತದ ಕೋಶಗಳ ಸಣ್ಣ ಗಂಟು) ಅಂತ ಕಂಡರೆ ಟಿಬಿ ಪರೀಕ್ಷೆ ಆಯಿತಾ ಅಂತ ನೀವೇ ಬಾಯಿಬಿಟ್ಟು ಕೇಳಿ.

ಮಾಂಸದ ಪದರದ ನಡುವೆ ನರಗಳ ಬಲೆ ಇದೆ, ಊಟ ಮುಂದೆ ತಳ್ಳಿಸುವುದು ಅದೇ. ಹುಟ್ಟಿದ ಮಗು 48 ಗಂಟೆ ಕಳೆದರೂ ಮಲ ಮಾಡಲಿಲ್ಲ ಅಂದರೆ ಡಾಕ್ಟರು ಈ ನರದ ಕೋಶಗಳು ಇಲ್ಲದ ಹಿರ್ಷ್‌ಸ್ಪ್ರಂಗ್ ಕಾಯಿಲೆ ಇರಬಹುದಾ ಅಂತ ನೋಡುತ್ತಾರೆ. ದೊಡ್ಡವರಲ್ಲಿ ಅನ್ನನಾಳದ ಕೆಳಭಾಗದ ನರಕೋಶ ಸತ್ತರೆ ನುಂಗಿದ್ದು ಅಲ್ಲೇ ನಿಲ್ಲುತ್ತದೆ, ಅದು ಅಕಲೇಸಿಯಾ.

ಕ್ಯಾನ್ಸರ್ ಅಂತಲೇ ಬಂದಿದ್ದರೂ ಕೇಳಬೇಕಾದ್ದು ಅದೇ ಪ್ರಶ್ನೆ. ಗೆಡ್ಡೆ ಎಷ್ಟು ಆಳಕ್ಕೆ ಹೋಗಿದೆ ಅನ್ನೋದಕ್ಕೆ ಡಾಕ್ಟರು 'ಟಿ' ಅಂತ ನಂಬರ್ ಕೊಡುತ್ತಾರೆ. ಜಠರದ ಕ್ಯಾನ್ಸರಿನಲ್ಲಿ ಟಿ1 ಅಂದರೆ ಮ್ಯೂಕೋಸಾ ಅಥವಾ ಸಬ್‌ಮ್ಯೂಕೋಸಾದಲ್ಲೇ ಇದೆ, ಟಿ2 ಅಂದರೆ ಮಾಂಸದ ಪದರ ಮುಟ್ಟಿದೆ, ಟಿ3 ಅಂದರೆ ಮಾಂಸದ ಪದರ ದಾಟಿದೆ, ಸಿರೋಸಾ ಇನ್ನೂ ಕೊರೆದಿಲ್ಲ, ಟಿ4 ಸಿರೋಸಾವನ್ನೂ ಕೊರೆದಿದೆ. ಮ್ಯೂಕೋಸಾದಲ್ಲೇ ಇರುವ ಕೆಲವನ್ನು ಹೊಟ್ಟೆ ಕೊಯ್ಯದೆ ಎಂಡೋಸ್ಕೋಪಿಯಲ್ಲೇ, ಅಂದ್ರೆ ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿಯೇ, ತೆಗೆಯಬಹುದು.

ಆದರೆ ಈ ಆಳವನ್ನು ಸಣ್ಣ ಬಯಾಪ್ಸಿ ಪೂರ್ತಿ ಹೇಳುವುದಿಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಎಂಡೋಸ್ಕೋಪಿಯ ಚಿಮುಟ ಕಿತ್ತು ತರುವ ಚೂರು ಎಳ್ಳುಕಾಳಿನಷ್ಟು. ಚೂರು ಕೆಡದಂತೆ ಇಡುವ ಫಾರ್ಮಲಿನ್ ದ್ರವದ ಬಾಟಲಿಯ ತಳದಲ್ಲಿ ಬಿಳಿ ಚುಕ್ಕೆಯ ಹಾಗೆ ಕೂತಿರುತ್ತದೆ. ಅದನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ಹತ್ತು ಪಟ್ಟಿಗೂ ಹೆಚ್ಚು ತೆಳುವಾಗಿ ಕತ್ತರಿಸಿದರೆ ಪಟ್ಟಿ ಪಟ್ಟಿಯಾಗಿ ಬಿಸಿನೀರಿನ ಮೇಲೆ ತೇಲುತ್ತದೆ, ಅದನ್ನೇ ಗಾಜಿನ ಮೇಲೆ ಎತ್ತಿಕೊಳ್ಳುತ್ತೇವೆ. ಆ ಚೂರಿನಲ್ಲಿ ಸಾಮಾನ್ಯವಾಗಿ ಇರುವುದು ಮ್ಯೂಕೋಸಾ ಮಾತ್ರ, ಅದೃಷ್ಟ ಇದ್ದರೆ ಸ್ವಲ್ಪ ಸಬ್‌ಮ್ಯೂಕೋಸಾ. ಹಾಗಾಗಿ ಆಳ ತಿಳಿಯಲು ಸಿಟಿ ಸ್ಕ್ಯಾನ್, ಎಂಡೋಸ್ಕೋಪಿಯಲ್ಲೇ ಮಾಡುವ ಅಲ್ಟ್ರಾಸೌಂಡ್ ಬೇಕಾಗುತ್ತದೆ. ಇನ್ನೊಂದು ಟೆಸ್ಟ್ ಬರೆದರೆ ದುಡ್ಡು ಮಾಡೋಕೆ ಅಂತ ತಕ್ಷಣ ಅಂದುಕೊಳ್ಳಬೇಡಿ, ಯಾವ ಪದರ ನೋಡೋಕೆ ಅಂತ ಕೇಳಿ.

ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿಗೋ ಬೇರೆ ಕಡೆಗೋ ಹೋಗುವುದಿದ್ದರೆ ಬರೀ ಹಾಳೆ ಸಾಲದು. ಬಯಾಪ್ಸಿ ಮಾಡಿದ ಲ್ಯಾಬಿನಲ್ಲಿ ರಿಪೋರ್ಟಿನ ನಂಬರ್ ಹೇಳಿ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಪಡೆಯಿರಿ. ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲೇ ಇಟ್ಟುಕೊಂಡು ಹೋಗಿ.