ಆಮಂತ್ರಣ ಪತ್ರಿಕೆಯಿಂದ ಸ್ಮರಣ ಸಂಚಿಕೆಯವರೆಗೆ: ಸಂಭಾವನೆ ನಿಗದಿಪಡಿಸುವ ಕ್ರಮ

ಕಾಸರಗೋಡಿನ ಕನ್ನಡ ಊರುಗಳಲ್ಲಿ ದೇವಸ್ಥಾನದ ಬ್ರಹ್ಮಕಲಶೋತ್ಸವವೋ ಶಾಲೆಯ ಶತಮಾನೋತ್ಸವವೋ ನಿಶ್ಚಯವಾದ ಕೂಡಲೇ ಸಮಿತಿಯವರು ಪೆಂಡಾಲು, ಧ್ವನಿವರ್ಧಕ, ಅಡುಗೆ ಇವುಗಳಿಗೆ ದರ ವಿಚಾರಿಸಿ ಮುಂಗಡ ಕೊಡುತ್ತಾರೆ. ಆಮಂತ್ರಣ ಪತ್ರಿಕೆ ವಿನ್ಯಾಸ ಮಾಡುವವರು, ಸಂಚಿಕೆಗೆ ಮುಖಪುಟ ಬರೆಯುವ ಚಿತ್ರಕಲಾವಿದರು, ಛಾಯಾಗ್ರಾಹಕರು, ಲೇಖಕರು ಇವರ ಸರದಿ ಬಂದಾಗ ಮಾತ್ರ ‘ನಮ್ಮವರೇ ಅಲ್ಲವೇ, ಸೇವೆಯೆಂದು ಮಾಡಿಕೊಡುತ್ತಾರೆ’ ಎಂಬ ಮಾತು ಬರುತ್ತದೆ. ಸೇವೆಯೆಂದು ಹೇಳಬೇಕಾದವರು ಕೆಲಸ ಮಾಡುವವರು. ಮಾಡಿಸುವವರು ಮೊದಲು ದರ ಕೇಳಬೇಕು.

ದರ ಸರಿಯೇ ಎಂದು ತಿಳಿಯಲು ಕೆಲಸವೇನೆಂದು ತಿಳಿದಿರಬೇಕು. ಎಂಟು ಪುಟದ ಆಮಂತ್ರಣವನ್ನು ಕನ್ನಡ, ಮಲಯಾಳ ಎರಡರಲ್ಲೂ ಸಿದ್ಧಪಡಿಸಬೇಕೆಂದುಕೊಳ್ಳೋಣ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಯುನಿಕೋಡ್ ಪಠ್ಯವನ್ನು ಮುದ್ರಣಾಲಯಕ್ಕಾಗಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಅಕ್ಷರಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳೂ ಅರ್ಕಾವತ್ತೂ ಕೆಡುವುದುಂಟು. ಆದ್ದರಿಂದ ಪ್ರತಿಯೊಂದು ಸಾಲನ್ನೂ ಓದಿ ತಿದ್ದಬೇಕಾಗುತ್ತದೆ. ಅದಾದ ಮೇಲೆ ಉಪಾಧ್ಯಕ್ಷರೊಬ್ಬರ ಹೆಸರು ಬಿಟ್ಟುಹೋಗಿದೆಯೆಂದು ರಾತ್ರಿ ಹತ್ತು ಗಂಟೆಗೆ ಕರೆ ಬರುತ್ತದೆ, ಆ ಒಂದು ಹೆಸರು ಸೇರಿದಾಗ ಪುಟವೇ ಜರುಗಿ ಮತ್ತೆ ಹೊಂದಿಸಬೇಕಾಗುತ್ತದೆ. (ಹೆಸರುಗಳ ಕ್ರಮವನ್ನು ಸಮಿತಿಯ ಸಭೆಯಲ್ಲೇ ಅಂತಿಮಗೊಳಿಸಿ ಕೊಡುವುದು ಇಬ್ಬರಿಗೂ ಲಾಭ.)

ಇನ್ನು ಲೆಕ್ಕ. ಸ್ವತಂತ್ರವಾಗಿ ದುಡಿಯುವ ವಿನ್ಯಾಸಕಾರರಿಗೆ ತಿಂಗಳಿಗೆ 30,000 ರೂಪಾಯಿ ಜೀವನಕ್ಕೆ, 6,000 ರೂಪಾಯಿ ಕಂಪ್ಯೂಟರು, ತಂತ್ರಾಂಶ, ವಿದ್ಯುತ್ತಿಗೆ ಬೇಕೆಂದು ಇಟ್ಟುಕೊಂಡರೆ ಒಟ್ಟು 36,000 ಆಯಿತು. ಗಿರಾಕಿಗಳೊಡನೆ ಮಾತುಕತೆ, ಮುದ್ರಣಾಲಯದ ಓಡಾಟ, ಕೆಲಸವಿಲ್ಲದ ದಿನಗಳು ಇವನ್ನೆಲ್ಲ ಕಳೆದು ತಿಂಗಳಲ್ಲಿ ದುಡ್ಡು ಹುಟ್ಟುವ ದಿನಗಳು 15 ಎಂದಾದರೆ ದಿನದ ದರ 2,400 ರೂಪಾಯಿ. ಮೇಲಿನ ಆಮಂತ್ರಣಕ್ಕೆ ಎರಡು ದಿನ ಬೇಕಾದರೆ 4,800 ರೂಪಾಯಿ ನ್ಯಾಯವಾದ ಮೊತ್ತ. ಮೂವತ್ತು ಸಾವಿರವನ್ನು ಮೂವತ್ತು ದಿನಕ್ಕೆ ಹಂಚಿ ದಿನಕ್ಕೆ ಸಾವಿರವೆನ್ನುವುದು ಸಂಬಳದಾರರ ಲೆಕ್ಕ. ಅದು ಇಲ್ಲಿ ಸಲ್ಲದು. ಕಾರ್ಯಕ್ರಮಕ್ಕೆ ಬರುವ ತಾಳಮದ್ದಳೆಯ ಹಿಮ್ಮೇಳದ ಕಲಾವಿದರಿಗಾದರೆ ಸಂಭಾವನೆಯ ಜೊತೆಗೆ ತಡರಾತ್ರಿ ಮರಳುವ ವಾಹನದ ಖರ್ಚನ್ನು ಬೇರೆಯಾಗಿಯೇ ಹಿಡಿಯಬೇಕು.

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿರಿ. ಅರ್ಧ ಮೊತ್ತ ಮುಂಗಡ, ಎರಡು ಸಲ ತಿದ್ದುಪಡಿ, ಮೂರನೆಯದಕ್ಕೆ ಪ್ರತ್ಯೇಕ ಹಣ, ಕಾರ್ಯಕ್ರಮ ಮುಂದೂಡಿದರೂ ಅಷ್ಟರವರೆಗೆ ಆದ ಕೆಲಸದ ಹಣ ಎಂಬಿಷ್ಟು ಅದರಲ್ಲಿರಲಿ. ಬಾಕಿಯನ್ನು ಮುದ್ರಣಕ್ಕೆ ಕಡತ ಒಪ್ಪಿಸಿದ ದಿನವೇ ಕೊಡಬೇಕು. ಲೆಕ್ಕಪತ್ರ ಮಂಡನೆಯ ಸಭೆಯವರೆಗೆ ಕಾಯಿಸುವುದೆಂದರೆ ಸಮಿತಿಯು ಅವರಿಂದ ಬಡ್ಡಿಯಿಲ್ಲದ ಸಾಲ ಪಡೆದಂತೆ.

ಹಕ್ಕಿನ ವಿಷಯವನ್ನೂ ಅಲ್ಲೇ ಬರೆಯುವುದು ಮೇಲು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ಮಾಡಿಸಿದ ಛಾಯಾಚಿತ್ರ, ವರ್ಣಚಿತ್ರಗಳ ಹಕ್ಕು ಮಾಡಿಸಿದವರಿಗೆ ಸಲ್ಲುತ್ತದೆ. ಸ್ವತಂತ್ರ ಲೇಖಕರ ಬರಹದ ಹಕ್ಕಾದರೋ ಅವರಲ್ಲೇ ಉಳಿಯುತ್ತದೆ. ಅದನ್ನು ಪೂರ್ತಿಯಾಗಿ ಪಡೆಯಲು ಲಿಖಿತ ವರ್ಗಾವಣೆ ಬೇಕು. ಹಕ್ಕು ಯಾರಲ್ಲಿದ್ದರೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರವನ್ನು 57ನೆಯ ಕಲಮು ಕರ್ತೃವಿಗೇ ಕೊಟ್ಟಿದೆ. ಆದ್ದರಿಂದ ಮುಖಪುಟದ ಕಲಾವಿದರ ಹೆಸರನ್ನು ಸಂಚಿಕೆಯೊಳಗೆ ಮುದ್ರಿಸಿರಿ.

ಹಣ ಕಡಿಮೆಯಿದ್ದರೆ ದರವನ್ನು ಹಿಂಡುವ ಬದಲು ಕೆಲಸವನ್ನು ಕಿರಿದುಗೊಳಿಸಬಹುದು: ಎಂಟು ಪುಟವನ್ನು ನಾಲ್ಕಕ್ಕೆ ಇಳಿಸಬಹುದು, ಒಳಪುಟಗಳನ್ನು ಒಂದೇ ಬಣ್ಣದಲ್ಲಿ ಮುದ್ರಿಸಬಹುದು. ದರ ಕೇಳಿದ ಮೇಲೂ ಅವರಾಗಿಯೇ ಉಚಿತವಾಗಿ ಮಾಡಿಕೊಡುವೆನೆಂದರೆ ಸಂತೋಷದಿಂದ ಒಪ್ಪಿಕೊಂಡು, ಆ 4,800 ರೂಪಾಯಿಯನ್ನು ಅವರ ಹೆಸರಿನಲ್ಲಿ ದಾನಿಗಳ ಪಟ್ಟಿಗೆ ಸೇರಿಸಿರಿ.